ಶರೀಫರ ಗುಡುಗುಡಿ, ಗಿಟಾರಿನ ಹೊಗೆ

ಸಂಡೂರು ತಾಲ್ಲೂಕಿನ ನಮ್ಮ ಯಶವಂತನಗರದಲ್ಲಿ ನಾನು ಕೇಳಿ ಬೆಳೆದ ಭಜನೆಗೆ ಏಕತಾರಿ, ದಮ್ಮಡಿ, ತಾಳ ಇದ್ದರೆ ಸಾಕಿತ್ತು. ಅದರಲ್ಲೇ ಶಿಶುನಾಳ ಶರೀಫರ (1819–1889) ಪದಗಳು ಬೆಳಗಿನವರೆಗೆ ನಡೆಯುತ್ತಿದ್ದವು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಸಿ. ಅಶ್ವತ್ಥ್ ಅವಕ್ಕೆ ಸಿನಿಮಾದ ವಾದ್ಯಮೇಳ ಕೂಡಿಸಿದರು. 2008ರಲ್ಲಿ ರಘು ದೀಕ್ಷಿತ್ ‘ಗುಡುಗುಡಿಯ ಸೇದಿ ನೋಡೋ’ ಪದಕ್ಕೆ ಗಿಟಾರು, ಡ್ರಮ್ಮು ಹಾಕಿದರು. ಪದ ಕೆಟ್ಟಿತೆಂದು ಗೊಣಗುವವರಿದ್ದಾರೆ.

ಈ ಗೊಣಗು ನನಗೆ ಒಪ್ಪಿಗೆಯಿಲ್ಲ. ಜಾಝ್ ದಿಗ್ಗಜ ಜಾನ್ ಕಾಲ್ಟ್ರೇನ್ 1960ರಲ್ಲಿ ಸಂಗೀತ ನಾಟಕವೊಂದರ ಸರಳ ಹಾಡನ್ನು ಸ್ಯಾಕ್ಸೋಫೋನಿನಲ್ಲಿ 13 ನಿಮಿಷಕ್ಕೂ ಮಿಕ್ಕಿ ಬೆಳೆಸಿದ. ಇಂದು ಅವನ ರಚನೆಗಳನ್ನೇ ಹೊಸಬರು ಬಿಡಿಸಿ ಕಟ್ಟುತ್ತಾರೆ.

ಕೇಳಬೇಕಾದ ಪ್ರಶ್ನೆ ಬೇರೆ: ಪದದ ಒಳಗುಟ್ಟು ಉಳಿಯಿತೇ? ಶರೀಫರ ಗುಡುಗುಡಿಯಲ್ಲಿ ಮನಸ್ಸೇ ಸಂಚಿ, ಮೋಹ-ಮದಗಳೇ ಕೊಚ್ಚಬೇಕಾದ ಭಂಗಿ, ನೆನಹೇ ಚಿಲುಮೆ. ಈ ನೆನಹನ್ನು ಸೂಫಿಗಳು ಜಿಕ್ರ್ ಎನ್ನುತ್ತಾರೆ. ಮತ್ತೆ ಮತ್ತೆ ಹೇಳುವುದೇ ಅದರ ಕ್ರಮ. ಪಲ್ಲವಿ ಮರಳಿ ಬರುವಾಗ ರಘು ಅದರ ಹತ್ತಿರಕ್ಕೆ ಹೋಗುತ್ತಾರೆ. ಆದರೆ ಡ್ರಮ್ಮಿನ ರಭಸದಲ್ಲಿ ಚರಣಗಳು ಓಡಿಬಿಡುತ್ತವೆ. ಕುಣಿಯುವ ಹುಡುಗರಿಗೆ ಹೊಗೆ ಸಿಗುತ್ತದೆ, ಚಿಲುಮೆ ಸಿಗುವುದಿಲ್ಲ. ಭಜನೆಯಲ್ಲಿ ಚರಣ ಮುಗಿದಾಗ ಏಕತಾರಿಯೊಂದೇ ಮಿಡಿಯುತ್ತಿತ್ತು. ಆ ಬಿಡುವಿನಲ್ಲಿ ಅರ್ಥ ಎದೆಗಿಳಿಯುತ್ತಿತ್ತು.

ಆದರೂ ನಮ್ಮ ತಪ್ಪು ಇದಕ್ಕಿಂತ ದೊಡ್ಡದು. ಸೌಹಾರ್ದದ ಭಾಷಣಗಳಲ್ಲಿ ನಾವು ಮುಸ್ಲಿಮರು ಶರೀಫರ ಹೆಸರನ್ನು ಗುರು ಗೋವಿಂದಭಟ್ಟರೊಂದಿಗೆ ತಪ್ಪದೆ ಹೇಳುತ್ತೇವೆ. ಪದಗಳನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹಾಡಿ ಕೆಡಿಸುವವರಿಗಿಂತ, ಹಾಡದೆ ಹೊಗಳುವವರಿಂದಲೇ ಶರೀಫರು ದೂರವಾಗುತ್ತಿದ್ದಾರೆ.