ಸೂಚಿಯನ್ನು ನೆಲಕ್ಕೊಪ್ಪಿಸುವ ಗಳಿಗೆ

ಮೋಡದೊಳಗಿಂದ ಸಣ್ಣ ವಿಮಾನವನ್ನು ಇಳಿಸಿ ತರುವ ಅಭ್ಯಾಸವುಳ್ಳವರು ಒಂದೆಡೆ ಕಲೆತಾಗ ತಪ್ಪದೆ ಏಳುವ ಪ್ರಶ್ನೆ ಇದು: ದಾರಿಯುದ್ದಕ್ಕೂ ಉಪಗ್ರಹಗಳನ್ನು ನಂಬಿ ಬಂದ ವಿಮಾನವನ್ನು ನೆಲದ ರೇಡಿಯೊ ಸಂಕೇತಗಳನ್ನು ಅನುಸರಿಸುವ ಐಎಲ್‌ಎಸ್ ಪದ್ಧತಿಯಿಂದ ರನ್‌ವೇಗೆ ತರುವಾಗ, ದಾರಿ ತೋರುವ ಸೂಚಿಯ ಅಧಿಕಾರವನ್ನು ಆಕಾಶದಿಂದ ತೆಗೆದು ನೆಲದ ತರಂಗಗಳಿಗೆ ಒಪ್ಪಿಸತಕ್ಕದ್ದು ಯಾವ ಗಳಿಗೆಯಲ್ಲಿ? ಯಂತ್ರವೇ ಅದನ್ನು ನೋಡಿಕೊಳ್ಳಲಿ ಎನ್ನುವವರುಂಟು. ಅಂತಿಮ ಫಿಕ್ಸ್, ಅಂದರೆ ಕೊನೆಯ ಹಂತ ಶುರುವಾಗುವ ಗೊತ್ತುಮಾಡಿದ ಬಿಂದು, ಸಮೀಪಿಸಿದಾಗ ಮಾಡಿದರಾಯಿತು ಎನ್ನುವವರೂ ಉಂಟು. ನನ್ನ ಮತ ಈ ಎರಡಕ್ಕೂ ಭಿನ್ನವಾದದ್ದು. ಅಂತಿಮ ರೇಖೆಯನ್ನು ಸಂಧಿಸುವ ದಿಕ್ಕನ್ನು ಕಂಟ್ರೋಲರ್ ಕೊಟ್ಟು, ವಿಮಾನವು ಆ ದಿಕ್ಕಿಗೆ ಹೊರಳಿ ರೆಕ್ಕೆಗಳು ಸಮವಾದೊಡನೆ, ರೇಖೆಯು ಇನ್ನೂ ದೂರವಿರುವಾಗಲೇ, ಪೈಲಟ್ ತನ್ನ ಕೈಯಿಂದಲೇ ಸೂಚಿಯನ್ನು ಬದಲಿಸತಕ್ಕದ್ದು.

ಇದಕ್ಕೆ ಕಾರಣವು ಆ ಸೂಚಿಯ ಸ್ವಭಾವದಲ್ಲಿಯೇ ಇದೆ. ರನ್‌ವೇಯ ಆಚೆಯ ತುದಿಯ ಹೊರಗೆ ನಿಂತಿರುವ ಲೋಕಲೈಜರ್ ಆಂಟೆನಾಗಳು ಒಂದೇ ಕಂಪನಾಂಕದ ಮೇಲೆ 90 ಹಾಗೂ 150 ಹರ್ಟ್ಸ್‌ಗಳ ಎರಡು ಸ್ವರಗಳನ್ನು ಹೇರಿ ಬಿತ್ತರಿಸುತ್ತವೆ. ಇಳಿದು ಬರುವವನ ಎಡಕ್ಕೆ ಮೊದಲನೆಯದು ಪ್ರಬಲ, ಬಲಕ್ಕೆ ಎರಡನೆಯದು. ಎರಡೂ ಸರಿಸಮವಾಗುವ ರೇಖೆಯೇ ರನ್‌ವೇಯ ಮಧ್ಯರೇಖೆಯ ವಿಸ್ತರಣ. ಆದುದರಿಂದ ನೆಲದ ಸಂಕೇತವು ಕೋನವನ್ನು ಅಳೆಯುತ್ತದೆ; ಹತ್ತಿರವಾದಷ್ಟೂ ಸೂಕ್ಷ್ಮವಾಗುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ಲೆಕ್ಕಹಾಕಿದ ಜಿಪಿಎಸ್ ಮಾರ್ಗವಾದರೋ ದೂರವನ್ನು ಅಳೆಯುವಂಥದು. ಟರ್ಮಿನಲ್ ವಲಯದಲ್ಲಿ ಸೂಚಿ ಅಂಚು ಮುಟ್ಟಿತೆಂದರೆ ವಿಮಾನವು ರೇಖೆಯಿಂದ ಒಂದು ನಾಟಿಕಲ್ ಮೈಲಿ ಸರಿದಿದೆ ಎಂದರ್ಥ. ಈಗ ಆಂಟೆನಾದಿಂದ ಹತ್ತು ಮೈಲಿ ದೂರದಲ್ಲಿ, ರೇಖೆಯಿಂದ ಒಂದು ಮೈಲಿಯ ಹತ್ತರಲ್ಲಿ ನಾಲ್ಕು ಪಾಲು ಸರಿದಿರುವ ವಿಮಾನವೊಂದನ್ನು ಊಹಿಸಿಕೊಳ್ಳಿ. ಜಿಪಿಎಸ್ ಅಧೀನದಲ್ಲಿ ಸೂಚಿಯು ಅರ್ಧಕ್ಕಿಂತಲೂ ಕಡಿಮೆ ವಾಲಿರುತ್ತದೆ; ಪ್ರತಿ ಪಕ್ಕಕ್ಕೆ ಎರಡೂವರೆ ಡಿಗ್ರಿ ಹರಹುಳ್ಳ ಲೋಕಲೈಜರಿಗೆ ಬದಲಿಸಿದ ಮರುಕ್ಷಣ ಅದೇ ಸೂಚಿ ಬಹುಮಟ್ಟಿಗೆ ಅಂಚಿಗೆ ಹಾರುತ್ತದೆ. ವಿಮಾನ ಕದಲಿಲ್ಲ, ಗಾಳಿ ಬೀಸಲಿಲ್ಲ; ಅಳತೆಗೋಲು ಮಾತ್ರ ಬದಲಾಯಿತು. ಅಂತಿಮ ಫಿಕ್ಸಿನ ಹೊಸ್ತಿಲಲ್ಲಿ, ಫ್ಲ್ಯಾಪು ಇಳಿಸುವ, ವೇಗ ತಗ್ಗಿಸುವ, ಟವರಿಗೆ ಉತ್ತರ ಕೊಡುವ ಗಡಿಬಿಡಿಯ ನಡುವೆ ಈ ಹಾರಾಟವನ್ನು ಕಂಡ ಕೈ ಯೋಚಿಸದೆ ವಿಮಾನವನ್ನು ವಾಲಿಸಿಬಿಡುತ್ತದೆ. ಮೊದಲೇ ಬದಲಿಸಿದವನಿಗೆ ಸೂಚಿ ಅಂಚಿನಿಂದ ಹೊರಟು ಒಳಕ್ಕೆ ಸರಿದು ಬರುವ ವೇಗವನ್ನು ಪೂರ್ತಿಯಾಗಿ ನೋಡುವ ಅವಕಾಶವಿರುತ್ತದೆ. ಆ ವೇಗವೇ ಎಷ್ಟು ಬೇಗ ಹೊರಳಬೇಕೆಂಬುದನ್ನು ತಿಳಿಸುತ್ತದೆ.

ಇನ್ನು ಯಂತ್ರದ ಸ್ವಯಂಚಾಲನೆಯ ವಿಚಾರ. ಸಣ್ಣ ವಿಮಾನಗಳಲ್ಲಿ ಇಂದಿಗೂ ಹೇರಳವಾಗಿ ಕಾಣುವ ಗಾರ್ಮಿನ್ ಜಿಎನ್‌ಎಸ್ 430 ಉಪಕರಣವು ಜಿಪಿಎಸ್‌ನಿಂದ ವಿಲಾಕ್‌ಗೆ, ಅಂದರೆ ನೆಲದ ಸಂಕೇತಕ್ಕೆ, ತಾನಾಗಿ ಹೊರಳಬಲ್ಲದು. ಆದರೆ ವಿಮಾನವು ಅಂತಿಮ ರೇಖೆಯಿಂದ 1.2 ಮೈಲಿಯೊಳಗಿರಬೇಕು, ಅಂತಿಮ ಫಿಕ್ಸಿಗೆ ಎರಡರಿಂದ ಹದಿನೈದು ಮೈಲಿಗಳ ನಡುವೆ ಇರಬೇಕು. ಕಂಟ್ರೋಲರ್ ಅವಸರದಿಂದ ಫಿಕ್ಸಿನ ಬಳಿಯಲ್ಲೇ ತಿರುಗಿಸಿದ ದಿನ ಆ ಎರಡು ಮೈಲಿಯ ಗಡಿ ದಾಟಿಹೋಗಿರುತ್ತದೆ, ಯಂತ್ರ ಸುಮ್ಮನಿರುತ್ತದೆ, ಜಿಪಿಎಸ್ ಸೂಚಿ ಅಚ್ಚುಕಟ್ಟಾಗಿ ನಡುವೆ ನಿಂತು ಎಲ್ಲವೂ ಸರಿಯೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಐಎಲ್‌ಎಸ್‌ನ ಅಂತಿಮ ಹಂತದಲ್ಲಿ ಲೋಕಲೈಜರಿನ ನೇರ ಸಂಕೇತಕ್ಕೆ ಜಿಪಿಎಸ್ ಅನ್ನು ಪರ್ಯಾಯವಾಗಿ ಬಳಸಕೂಡದೆಂದು ಅಮೆರಿಕದ ಎಫ್‌ಎಎ ಸ್ಪಷ್ಟವಾಗಿ ವಿಧಿಸಿರುವುದು ವೃಥಾ ಅಲ್ಲ.

ಬದಲಿಸುವ ಮುನ್ನ ಮಾಡತಕ್ಕ ಕೆಲಸಗಳನ್ನೂ ಹೇಳಬೇಕು, ಏಕೆಂದರೆ ಎಡವಟ್ಟುಗಳು ಹೆಚ್ಚಾಗಿ ಇಲ್ಲಿಯೇ. ಅಪ್ರೋಚನ್ನು ಆರಿಸಿದಾಗ ಕಂಪನಾಂಕವು ಸ್ಟ್ಯಾಂಡ್‌ಬೈ ಸ್ಥಾನಕ್ಕೆ ಮಾತ್ರ ಬಂದು ಕುಳಿತಿರುತ್ತದೆ. ಅದನ್ನು ಮೇಲಕ್ಕೇರಿಸುವ ಗುಂಡಿ ಒತ್ತದಿದ್ದರೆ ಸೂಚಿಯು ಬೇರೆಲ್ಲಿಯದೋ ಸಂಕೇತಕ್ಕೆ ವಿಧೇಯವಾಗಿರುತ್ತದೆ. ಅನಂತರ ಧ್ವನಿಯ ತಿರುಪನ್ನು ಒತ್ತಿ ಮೋರ್ಸ್ ಗುರುತನ್ನು ಕಿವಿಯಾರೆ ಕೇಳಬೇಕು. ಐ ಅಕ್ಷರದ ಎರಡು ಚುಕ್ಕಿಗಳು ಮೊದಲು, ಬಳಿಕ ಆ ರನ್‌ವೇಯ ಅಕ್ಷರಗಳು. ಆಮೇಲೆ ಒಳಬರುವ ದಿಕ್ಕನ್ನು ಸೂಚಿಯ ತಲೆಗೆ ಹೊಂದಿಸಬೇಕು. ಇವೆಲ್ಲ ಮುಗಿದ ಮೇಲಷ್ಟೇ ಸೂಚಿಯ ಮೂಲವನ್ನು ಬದಲಿಸುವ, ಸಿಡಿಐ ಎಂದು ಬರೆದ ಗುಂಡಿ. ಹಾಗೆಂದು ತೀರ ಮುಂಚಿತವಾದರೂ ಒಳ್ಳೆಯದಲ್ಲ. ನೆಲದ ಕೇಂದ್ರದಿಂದ ಸಮದೂರದ ಡಿಎಂಇ ಕಮಾನನ್ನು ಜಿಪಿಎಸ್ ಆಧಾರದಿಂದ ಸುತ್ತುತ್ತಿರುವವನು ಹೊರಳುವ ರೇಡಿಯಲ್ ಬರುವ ಮೊದಲೇ ಬದಲಿಸಿದರೆ ತನ್ನ ಕಮಾನನ್ನೇ ಕಳೆದುಕೊಳ್ಳುತ್ತಾನೆ.

ಮುಂಚಿತವಾಗಿ ಬದಲಿಸುವುದರ ಇನ್ನೊಂದು ಲಾಭವೆಂದರೆ ಎತ್ತರವನ್ನು ತಾಳೆ ನೋಡುವ ಬಿಡುವು. ಇಳಿಯುವ ಕೋನವನ್ನು ತೋರುವ ಗ್ಲೈಡ್ ಸ್ಲೋಪಿನ ಮೂರು ಡಿಗ್ರಿಯ ನಿಜರೇಖೆಯ ಮೇಲ್ಗಡೆ, ಹೆಚ್ಚು ಕಡಿದಾದ ಹುಸಿರೇಖೆಗಳೂ ಹುಟ್ಟಿಕೊಳ್ಳುತ್ತವೆ; ಆದಕಾರಣ ಅದನ್ನು ಸದಾ ಕೆಳಗಿನಿಂದ, ನಕ್ಷೆಯಲ್ಲಿ ಹೇಳಿದ ಎತ್ತರದಲ್ಲಿಯೇ, ಹಿಡಿಯತಕ್ಕದ್ದು. 2010ರ ಮೇ 22ರಂದು ಬಜಪೆಯಲ್ಲಿ 158 ಜೀವಗಳನ್ನು ಬಲಿತೆಗೆದುಕೊಂಡ ವಿಮಾನ ದುರಂತಕ್ಕೆ ಕಾರಣಗಳು ಹಲವಿದ್ದವು, ಉಪಗ್ರಹಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ ವಿಮಾನವು ಗ್ಲೈಡ್ ಪಾಥನ್ನು ಸರಿಯಾದ ಎತ್ತರದಲ್ಲಿ ಸಂಧಿಸದೆ, ಇರಬೇಕಾದುದರ ಸುಮಾರು ಇಮ್ಮಡಿ ಎತ್ತರದಲ್ಲಿತ್ತೆಂಬ ತನಿಖಾ ವರದಿಯ ಮಾತು ಕರಾವಳಿಯ ಆ ಗುಡ್ಡದ ಮೇಲಿನ ರನ್‌ವೇಯನ್ನು ಬಲ್ಲ ಯಾರ ಮನಸ್ಸಿನಿಂದಲೂ ಅಳಿಯುವಂಥದಲ್ಲ.

ಇಷ್ಟೆಲ್ಲ ಹೇಳಿದೆನೆಂದು ಉಪಗ್ರಹವನ್ನು ಕೀಳೆಣಿಸುತ್ತೇನೆಂದು ಭಾವಿಸಬೇಡಿ. ಬೆಂಗಳೂರಿನ ಕುಂದಲಹಳ್ಳಿಯಲ್ಲಿ ನಿಯಂತ್ರಣ ಕೇಂದ್ರವುಳ್ಳ, ಜಿಪಿಎಸ್ ಸಂಕೇತವನ್ನು ತಿದ್ದಿ ನಿಖರಗೊಳಿಸುವ ನಮ್ಮ ಗಗನ್ ವ್ಯವಸ್ಥೆಯ ಬಲದಿಂದ 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ವಿಮಾನವೊಂದು ಇಳಿದುದು ನೆಲದ ಗ್ಲೈಡ್ ಸ್ಲೋಪಿನ ನೆರವಿಲ್ಲದೆಯೇ. ಅಂಥ ಅಪ್ರೋಚಿನಲ್ಲಿ ಬದಲಿಸುವ ಪ್ರಶ್ನೆಯೇ ಏಳದು. ಆದರೆ 2024ರಲ್ಲಿ ಎಸ್ಟೋನಿಯದ ಟಾರ್ಟು ನಗರಕ್ಕೆ ಫಿನ್‌ಏರ್ ತನ್ನ ವಿಮಾನಗಳನ್ನು ಒಂದು ತಿಂಗಳು ನಿಲ್ಲಿಸಬೇಕಾಯಿತು. ಅಲ್ಲಿನ ಅಪ್ರೋಚ್ ಜಿಪಿಎಸ್ ಒಂದನ್ನೇ ನೆಚ್ಚಿತ್ತು, ಆ ಸಂಕೇತಕ್ಕೋ ಅಡಚಣೆ ಒದಗಿತ್ತು. ನೆಲದ ಆಂಟೆನಾಗಳನ್ನು ಕಿತ್ತುಹಾಕುವ ಆತುರ ಯಾರಿಗೂ ಬೇಡವೆಂದೇ ನನ್ನ ಪ್ರಾರ್ಥನೆ.

ರನ್‌ವೇ ಕಾಣದೆ ಮತ್ತೆ ಮೇಲೇರಬೇಕಾಗಿ ಬಂದಾಗ ಈ ಕ್ರಮ ತಿರುವುಮುರುವಾಗುತ್ತದೆ: ಮಿಸ್ಡ್ ಅಪ್ರೋಚಿನ ಮಾರ್ಗ ಸಾಮಾನ್ಯವಾಗಿ ಜಿಪಿಎಸ್ ಬಳಿಯಿರುತ್ತದೆ, ಸೂಚಿ ಇನ್ನೂ ಲೋಕಲೈಜರಿನಲ್ಲಿರುತ್ತದೆ. ಇಲ್ಲಿ ಅವಸರ ಸಲ್ಲದು. ಪೂರ್ಣ ಶಕ್ತಿ ಕೊಟ್ಟು, ಮೂಗೆತ್ತಿ, ಎತ್ತರ ಏರುತ್ತಿರುವುದನ್ನು ಆಲ್ಟಿಮೀಟರಿನಲ್ಲಿ ಕಂಡು, ಫ್ಲ್ಯಾಪನ್ನು ಹಂತಹಂತವಾಗಿ ಒಳಗೆಳೆದ ಮೇಲೆ, ಯಂತ್ರವು ತಡೆಹಿಡಿದ ಮಾರ್ಗವನ್ನು ಓಬಿಎಸ್ ಗುಂಡಿಯಿಂದ ಬಿಡಿಸಿ, ಕಟ್ಟಕಡೆಗೆ ಸೂಚಿಯನ್ನು ಉಪಗ್ರಹಗಳಿಗೆ ಹಿಂತಿರುಗಿಸತಕ್ಕದ್ದು.