ಬಿಡುವು ಯಾರದ್ದು? ಒಂದು ವಾರ, ಎರಡು ಪುಸ್ತಕ, ಒಂದು ಕ್ರೋಷಾ ಕಡ್ಡಿ

ಡಿಸೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗಿಬಿಡುತ್ತೆ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಉಳಿಯೋದು ಉದ್ದನೆಯ ಸಂಜೆ. ಈ ಸಂಜೆಗೊಂದು ಕ್ರಮ ಮಾಡಿಕೊಂಡಿದ್ದೀನಿ: ಅನ್ನ ಸಾರು, ಆಮೇಲೆ ಒಂದು ಅಧ್ಯಾಯ ಓದು, ಆಮೇಲೆ ಮಲಗುವವರೆಗೆ ಕ್ರೋಷಾ. ಹೌದು, ಗಂಡಸೇ, ಕ್ರೋಷಾ ಹಾಕ್ತೀನಿ. ಮೂರು ವರ್ಷದ ಹಿಂದೆ ವಿಡಿಯೊ ಕಾಲಿನಲ್ಲಿ ಅಮ್ಮ ಹೇಳಿಕೊಟ್ಟದ್ದು. ರೈಲಿನಲ್ಲಿ ಕೂತು ಹಾಕುವಾಗ ಎದುರಿನ ಅಜ್ಜಿಯರು ಮೆಚ್ಚಿ ಮಾತಾಡಿಸ್ತಾರೆ. ಆಫೀಸಿನಲ್ಲಿ 'ಎಷ್ಟು ಒಳ್ಳೆ ಹವ್ಯಾಸ' ಅಂತಾರೆ.

ಬೆಚ್ಚಗಿನ ಮೂಲೆ, ಒಂದು ಲೋಟ ಚಹಾ, ಉಣ್ಣೆ, ಪುಸ್ತಕ. ಇಂಗ್ಲಿಷಿನವರು ಇದಕ್ಕೆ 'ಕೋಝಿ' ಅಂತಾರೆ, ಜರ್ಮನರು 'ಗೆಮ್ಯೂಟ್ಲಿಶ್' ಅಂತಾರೆ. ಈ ಮೂಲೆಯಲ್ಲಿ ಕೂತು ಓದಲಿಕ್ಕೆಂದೇ ಬರೆದಂತೆ ಕಾಣುವ ಪುಸ್ತಕಗಳ ಒಂದು ದೊಡ್ಡ ಸಾಲು ಈಗ ಅಂಗಡಿಗಳಲ್ಲಿದೆ. ಬಹಳಷ್ಟು ಜಪಾನಿನವು. ಮುಖಪುಟದಲ್ಲಿ ಬೆಕ್ಕು, ಕಾಫಿ, ಪುಸ್ತಕದ ಕಪಾಟು. ಅವುಗಳಲ್ಲಿ ಒಂದನ್ನು ಹೋದ ವಾರ ಓದಿದೆ: ಮಿಚಿಕೊ ಅವೊಯಾಮಾ ಅವರ 'ವಾಟ್ ಯು ಆರ್ ಲುಕಿಂಗ್ ಫಾರ್ ಈಸ್ ಇನ್ ದಿ ಲೈಬ್ರರಿ'. ಜಪಾನಿಯಲ್ಲಿ ಬಂದದ್ದು 2020ರಲ್ಲಿ, ಆಲಿಸನ್ ವಾಟ್ಸ್ ಮಾಡಿದ ಇಂಗ್ಲಿಷ್ ಅನುವಾದ 2023ರಲ್ಲಿ. ಐದು ಅಧ್ಯಾಯ. ಸೋಮವಾರದಿಂದ ಶುಕ್ರವಾರಕ್ಕೆ ಸರಿಹೋಯ್ತು.

ಟೋಕಿಯೊದ ಒಂದು ಸಮುದಾಯ ಭವನ, ಅದರ ಹಿಂಬದಿಗೊಂದು ಚಿಕ್ಕ ಗ್ರಂಥಾಲಯ. ಅಲ್ಲಿನ ಸಯೂರಿ ಕೊಮಾಚಿ ಅನ್ನುವ ಗ್ರಂಥಪಾಲಕಿ ಯಾವಾಗ ನೋಡಿದರೂ ಉಣ್ಣೆಯ ಉಂಡೆಯೊಂದಕ್ಕೆ ಸೂಜಿ ಚುಚ್ಚುತ್ತಾ ಕೂತಿರುತ್ತಾಳೆ. ಹಾಗೆ ಚುಚ್ಚಿ ಚುಚ್ಚಿ ಉಣ್ಣೆ ಗಟ್ಟಿಯಾಗಿ ಒಂದು ಆಕಾರಕ್ಕೆ ಬರುತ್ತೆ. ಬಂದವರು ಕೇಳಿದ ಪುಸ್ತಕಗಳ ಪಟ್ಟಿಯ ಕೊನೆಗೆ, ಕೇಳಿದ ವಿಷಯಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಪುಸ್ತಕವನ್ನೂ ಸೇರಿಸುತ್ತಾಳೆ. ಜೊತೆಗೆ ತಾನು ಮಾಡಿದ ಉಣ್ಣೆಯ ಗೊಂಬೆಯೊಂದನ್ನು ಕೊಡುತ್ತಾಳೆ. ಬಟ್ಟೆ ಅಂಗಡಿಯ ಇಪ್ಪತ್ತೊಂದರ ಹುಡುಗಿ ಟೊಮೊಕಾಗೆ ಬಾಣಲೆ, ಲೆಕ್ಕಪತ್ರ ವಿಭಾಗದ ರ‍್ಯೊಗೆ ಬೆಕ್ಕು, ನಿವೃತ್ತ ಮಸಾವೊಗೆ ಏಡಿ. ಆ ಅಸಂಬದ್ಧ ಪುಸ್ತಕ ಮತ್ತು ಗೊಂಬೆ ಇವರ ಬದುಕಿಗೆ ಒಂದು ದಾರಿ ತೋರಿಸುತ್ತವೆ.

ಮೊದಲೇ ಹೇಳಿಬಿಡ್ತೀನಿ, ನನಗೆ ಪುಸ್ತಕ ಇಷ್ಟ ಆಯ್ತು. ಕಂಪ್ಯೂಟರ್ ಕಲಿಯಲು ಬಂದ ಟೊಮೊಕಾ ಕೈಗೆ 'ಗುರಿ ಮತ್ತು ಗುರಾ' ಅನ್ನುವ ಮಕ್ಕಳ ಚಿತ್ರಪುಸ್ತಕ ಬರುತ್ತೆ. ಅದನ್ನು ನೋಡಿಕೊಂಡು ಅವಳು ತನ್ನ ಚಿಕ್ಕ ಅಡುಗೆಮನೆಯಲ್ಲಿ ಬಾಣಲೆಯಲ್ಲೇ ಕೇಕ್ ಮಾಡಲು ಹೋಗಿ ಕೆಡಿಸಿಕೊಳ್ತಾಳೆ, ಮತ್ತೆ ಮಾಡ್ತಾಳೆ. ದೊಡ್ಡ ಊರಿನಲ್ಲಿ ಒಂಟಿಯಾಗಿದ್ದು, ರಾತ್ರಿ ಊಟಕ್ಕೆ ಏನೋ ಒಂದು ತಿಂದು ಮಲಗಿದವರಿಗೆಲ್ಲ ಆ ಪುಟಗಳು ಗೊತ್ತಾಗುತ್ತವೆ. ಇಲ್ಲಿಗೆ ಎಂ.ಎಸ್. ಮಾಡಲು ಬಂದ ಮೊದಲ ಚಳಿಗಾಲದಲ್ಲಿ ನನ್ನನ್ನು ಉಳಿಸಿದ್ದು ಕೋರ್ಸಲ್ಲ, ಒಗ್ಗರಣೆ. ಇನ್ನೊಂದು ಒಳ್ಳೆಯ ಅಂಶ: ಕೊಮಾಚಿ ತನಗೆ ಯಾವ ದಿವ್ಯದೃಷ್ಟಿಯೂ ಇಲ್ಲ, ಅರ್ಥವನ್ನು ಓದುವವರೇ ಕಂಡುಕೊಳ್ಳುತ್ತಾರೆ ಅನ್ನುತ್ತಾಳೆ. ಜನರಿಗೆ ಪುಸ್ತಕ ಶಿಫಾರಸು ಮಾಡುವ ಮಾಡೆಲ್‌ಗಳ ಜೊತೆ ಕೆಲಸ ಮಾಡಿದ ನನಗೆ ಆ ಮಾತಿನ ಪ್ರಾಮಾಣಿಕತೆ ಹಿಡಿಸಿತು. ನಮ್ಮ ಮಾಡೆಲ್ ನೀವು ಹಿಂದೆ ಓದಿದ್ದಕ್ಕೆ ಹತ್ತಿರದ್ದನ್ನೇ ಮತ್ತೆ ಕೊಡುತ್ತೆ. ಕೊಮಾಚಿ ಬೇಕಂತಲೇ ದೂರದ್ದನ್ನು ಕೊಡುತ್ತಾಳೆ.

ಹಾಗಂತ ಕೊರತೆ ಇಲ್ಲವೆಂದಲ್ಲ. ಪ್ರತಿ ಅಧ್ಯಾಯದಲ್ಲೂ ಹೊಸಬರು ಕೊಮಾಚಿಯನ್ನು ನೋಡಿ ಅವಳ ದಪ್ಪ ಮೈಯನ್ನು ಯಾವುದಾದರೂ ದೈತ್ಯ ಬಿಳಿ ವಸ್ತುವಿಗೋ ಪ್ರಾಣಿಗೋ ಹೋಲಿಸುತ್ತಾರೆ. ಮೊದಲ ಸಲ ಸರಿ, ಐದನೆಯ ಸಲಕ್ಕೆ ಮುಜುಗರ. ಇದಕ್ಕಿಂತ ದೊಡ್ಡ ಕೊರತೆ ಬುಧವಾರ, ಮೂರನೆಯ ಅಧ್ಯಾಯದಲ್ಲಿ ಸಿಕ್ಕಿತು. ನತ್ಸುಮಿ ಪತ್ರಿಕೆಯ ಸಂಪಾದಕಿ. ಹೆರಿಗೆ ರಜೆ ಮುಗಿಸಿ ಬಂದರೆ ಅವಳನ್ನು ಸಂಪಾದಕೀಯದಿಂದ ತೆಗೆದು ದಾಖಲೆಗಳ ವಿಭಾಗಕ್ಕೆ ಹಾಕಿರುತ್ತಾರೆ. ಇತ್ತ ಮಗುವನ್ನು ಕರೆತರುವ, ಜ್ವರ ಬಂದರೆ ಓಡುವ ಹೊಣೆಯೆಲ್ಲ ಬಹುಪಾಲು ಅವಳದ್ದೇ. ಇಡೀ ಪುಸ್ತಕದಲ್ಲಿ ನಿಜವಾದ ಸಿಟ್ಟು ಇರೋದು ಇಲ್ಲಿ. ಆದರೆ ಅಧ್ಯಾಯ ಮುಗಿಯುವ ಹೊತ್ತಿಗೆ ಅವಳಿಗೆ ಬೇರೆ ಪ್ರಕಾಶನದಲ್ಲಿ ಕೆಲಸ ಸಿಗುತ್ತೆ, ನಮಗೆ ಸಮಾಧಾನ ಆಗುತ್ತೆ. ಕೆಲಸದ ಗಂಟು ಬಿಚ್ಚಿತು. ಮನೆಯ ಗಂಟಿನ ಹತ್ತಿರ ಕಾದಂಬರಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಿಂತಿದ್ದರೆ ಓದುವವರ ಚಹಾ ಆರುತ್ತಿತ್ತೋ ಏನೋ.

ಇಲ್ಲಿ ಒಂದು ಎಚ್ಚರ ಬೇಕು. 'ಇವೆಲ್ಲ ಹೆಂಗಸರು ಟೈಂಪಾಸಿಗೆ ಓದೋ ಪುಸ್ತಕ' ಅಂತ ತಳ್ಳಿಹಾಕೋದು ಸುಲಭ. ಕನ್ನಡದಲ್ಲಿ ಒಂದು ಕಾಲಕ್ಕೆ ಲೇಖಕಿಯರ ಬರವಣಿಗೆಯನ್ನೇ 'ಅಡುಗೆಮನೆ ಸಾಹಿತ್ಯ' ಅಂತ ಮೂಗು ಮುರಿದವರಿದ್ದರು. ನಮ್ಮಮ್ಮ ಓದಿದ್ದು ಅದನ್ನೇ. ಮಧ್ಯಾಹ್ನ ಎರಡರಿಂದ ನಾಲ್ಕು ಅವಳ ಹೊತ್ತು. ಪಾತ್ರೆ ಬೋರಲು ಹಾಕಿ, ಹಾಲಿನವನು ಬರುವ ತನಕ. ತೊಡೆಯ ಮೇಲೆ ತರಂಗವೋ ಬಾಡಿಗೆ ಲೈಬ್ರರಿಯಿಂದ ತಂದ ತ್ರಿವೇಣಿಯೋ, ಕೈಯಲ್ಲಿ ಕ್ರೋಷಾ ಕಡ್ಡಿ. ನೋಡಿದವರಿಗೆ ಇದಕ್ಕಿಂತ ಕೋಝಿ ಚಿತ್ರ ಇಲ್ಲ. ಆದರೆ ಅವಳು ಓದುತ್ತಿದ್ದದ್ದೇನು? 'ಶರಪಂಜರ'. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆ ಮಾತ್ರ ಅವಳನ್ನು ಹುಚ್ಚಿ ಅಂತಲೇ ನೋಡುತ್ತೆ, ಕೊನೆಗೆ ಹಾಗೇ ಮಾಡಿಬಿಡುತ್ತೆ. ಪುಟ್ಟಣ್ಣನವರ 1971ರ ಸಿನಿಮಾದಿಂದ ಕತೆ ಎಲ್ಲರಿಗೂ ಗೊತ್ತು. ನತ್ಸುಮಿಯ ಕಷ್ಟವೂ ಕಾವೇರಿಯ ಕಷ್ಟವೂ ಹೆರಿಗೆಯ ಆಚೆಯ ಮನೆಯಿಂದಲೇ ಹುಟ್ಟಿದ್ದು. ತ್ರಿವೇಣಿ ಅದನ್ನು ಬಿಚ್ಚಿ ತೋರಿಸಿ ಹಾಗೇ ಬಿಟ್ಟರು. ಬಿಡುವಿನ ಓದು ಅಂದರೆ ಸಮಾಧಾನದ ಓದೇ ಆಗಬೇಕಿಲ್ಲ ಅನ್ನೋದು ನಮ್ಮಮ್ಮಂದಿರಿಗೆ ಗೊತ್ತಿತ್ತು.

ಶನಿವಾರ ಕೈಗೆ ಬಂದದ್ದು ಎರಡನೆಯ ಪುಸ್ತಕ, ಮರಿಯಾ ಮೀಸ್ ಅವರ 'ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್', 1982ರದ್ದು. ಕ್ರೋಷಾದ ಚರಿತ್ರೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು. ಮೀಸ್ ಜರ್ಮನಿಯ ಸಮಾಜಶಾಸ್ತ್ರಜ್ಞೆ. ಅರವತ್ತರ ದಶಕದಲ್ಲಿ ಪುಣೆಯಲ್ಲಿ ಜರ್ಮನ್ ಕಲಿಸುತ್ತಿದ್ದರು, 2023ರಲ್ಲಿ ತೀರಿಕೊಂಡರು. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದ ಸುತ್ತಮುತ್ತ ಹೆಂಗಸರು ಕ್ರೋಷಾ ಲೇಸ್ ಹೆಣೆಯುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕಸುಬು ಅದು. ವ್ಯಾಪಾರಿ ಏಜೆಂಟನ ಕೈಲಿ ದಾರ ಕಳಿಸುತ್ತಾನೆ. ಹೆಂಗಸರು ಮನೆಯಲ್ಲಿ ಕೂತು ಹೆಣೆಯುತ್ತಾರೆ, ಒಬ್ಬರು ಬಿಡಿ ಹೂವು ಮಾಡಿದರೆ ಇನ್ನೊಬ್ಬರು ಜೋಡಿಸುತ್ತಾರೆ. ಏಜೆಂಟ್ ಎಣಿಸಿ ಪುಡಿಗಾಸು ಕೊಟ್ಟು ಒಯ್ಯುತ್ತಾನೆ. ಮಾಲು ಹೋಗುತ್ತಿದ್ದದ್ದು ಯುರೋಪು, ಅಮೆರಿಕ, ಆಸ್ಟ್ರೇಲಿಯಾಗಳ ಊಟದ ಮೇಜುಗಳಿಗೆ.

ಅಷ್ಟು ಕಮ್ಮಿ ಕೂಲಿ ಯಾಕೆ ಅನ್ನೋದಕ್ಕೆ ಮೀಸ್ ಕೊಡುವ ಉತ್ತರ ನನ್ನ ಸೋಫಾವನ್ನೇ ಅಲ್ಲಾಡಿಸಿತು. ಇವರು ಕಾರ್ಮಿಕರಲ್ಲ, ಗೃಹಿಣಿಯರು. ಇದು ಕೆಲಸವಲ್ಲ, ಬಿಡುವಿನಲ್ಲಿ ಮಾಡೋದು. ವ್ಯಾಪಾರಿ, ಸರ್ಕಾರ, ಗಂಡಂದಿರು ಎಲ್ಲರೂ ಹಾಗೇ ನಂಬಿದ್ದರು. ಎಷ್ಟೋ ಸಲ ಹೆಣೆಯುವವರೂ ನಂಬಿದ್ದರು. ದಿನದಲ್ಲಿ ಅಷ್ಟೊಂದು ಗಂಟೆ ದುಡಿದರೂ ಲೆಕ್ಕಕ್ಕೆ ಸಿಗದ ಕೆಲಸಗಾರರು. 'ಬಿಡುವು' ಅನ್ನುವ ಒಂದೇ ಪದ ಇಡೀ ವ್ಯಾಪಾರವನ್ನು ಹೊತ್ತು ನಿಂತಿತ್ತು. ನಿಟ್ಟಿಂಗಿಗಾದರೆ 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಯಂತ್ರ ಕಟ್ಟಿದ್ದ. ಕ್ರೋಷಾಗೆ ಅಂಗಡಿ ತುಂಬಿಸುವಂಥ ಯಂತ್ರ ಇವತ್ತಿಗೂ ಇಲ್ಲ. ಅಂದರೆ ಇಲ್ಲಿನ ಮಾಲ್‌ನಲ್ಲಿ ಅಗ್ಗಕ್ಕೆ ನೇತುಹಾಕಿದ ಕ್ರೋಷಾ ಟಾಪನ್ನೂ ಯಾರದ್ದೋ ಕೈ ಕೂತು ಹೆಣೆದಿರಲೇಬೇಕು.

ಮೀಸ್ ಪುಸ್ತಕದಲ್ಲೂ ನನಗೊಂದು ಕೊರತೆ ಕಂಡಿತು. ಚೈನು, ಕಂಬ, ಚೈನು, ಕಂಬ ಅಂತ ಹೋಗುತ್ತಾ ಕೈಯಲ್ಲಿ ಹೂವು ಮೂಡಿದಾಗ ಆಗುವ ಖುಷಿಗೆ ಅವರ ಚೌಕಟ್ಟಿನಲ್ಲಿ ಹೆಚ್ಚು ಜಾಗ ಇಲ್ಲ. ಅವೊಯಾಮಾಗೆ ಆ ಖುಷಿ ಗೊತ್ತು, ಕೂಲಿ ಕಾಣೋದಿಲ್ಲ. ಮೀಸ್‌ಗೆ ಕೂಲಿ ಕಾಣುತ್ತೆ, ಖುಷಿ ಅಷ್ಟಾಗಿ ಕಾಣೋದಿಲ್ಲ. ಇವೆರಡೂ ಒಂದೇ ಕೈಯಲ್ಲಿ ಹೇಗೆ ಇರುತ್ತವೆ ಅಂತ ಕೇಳಲು ಅಮ್ಮನಿಗೇ ಫೋನ್ ಮಾಡಿದೆ.

ಯಾಕಂದರೆ ನನಗೊಂದು ಟೇಬಲ್ ಕ್ಲಾತ್ ನೆನಪಿತ್ತು. ನಾನು ಆಗ ಪ್ರೈಮರಿ ಶಾಲೆ. ಪರಿಚಯದವರ ಮನೆಯ ಮದುವೆಗೆ ಅಂತ ಅಮ್ಮನ ಹತ್ತಿರ ಹಾಕಿಸಿಕೊಂಡರು. ಒಂದೂವರೆ ತಿಂಗಳು ಹಿಡಿಯಿತು. ಕೊಟ್ಟದ್ದು ದಾರದ ದುಡ್ಡು, ಎಲೆ ಅಡಿಕೆ ಜೊತೆ ಒಂದು ಬ್ಲೌಸ್ ಪೀಸು. 'ಹೇಗೂ ಬಿಡುವಲ್ಲಿ ಹಾಕಿದ್ದಲ್ವಾ' ಅಂದರು. ಬಾಗಿಲ ಹತ್ತಿರ ನಿಂತಿದ್ದ ನನಗೆ ಕೇಳಿಸಿತ್ತು.

'ನಿಂಗೆ ಬೇಜಾರಾಗಲಿಲ್ವಾ ಅಮ್ಮ?' ಅಂದೆ.

'ಬೇಜಾರು ಆಯ್ತು. ಆದ್ರೆ ಹಾಕೋವಾಗ ಖುಷಿಯಾಗೇ ಹಾಕಿದ್ದೆ ಕಣೋ. ಖುಷಿಯಾಗಿ ಮಾಡಿದ್ದಕ್ಕೆ ದುಡ್ಡು ಹೇಗೆ ಕೇಳೋದು ಅಂತ ಬಾಯಿ ಬರಲಿಲ್ಲ.'

ಎರಡೂ ಪುಸ್ತಕದಲ್ಲಿ ನನಗೆ ಸಿಗದೇ ಇದ್ದದ್ದು ಈ ಮಾತು. ಖುಷಿ ಇದ್ದದ್ದು ಸುಳ್ಳಲ್ಲ, ಮೋಸ ಹೋದದ್ದೂ ಸುಳ್ಳಲ್ಲ. ನನ್ನ ಸಂಬಳದ ವಿಷಯದಲ್ಲಿ ಯಾರೂ ಹೀಗೆ ಹೇಳಿಲ್ಲ. ಡೇಟಾ ಜೊತೆ ಆಟ ಆಡೋದು ನನಗೂ ಖುಷಿಯೇ, ಅದಕ್ಕಾಗಿ ಯಾರೂ ಸಂಬಳ ಮುರಿದುಕೊಂಡಿಲ್ಲ.

ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಊರಿಗೆ ಹೋದಾಗ ನನ್ನ ಹೆಂಡತಿಯ ಎರಡು ಸೀರೆಗೆ ಕ್ರೋಷಾ ಕುಚ್ಚು ಹಾಕಿಸಿದೆವು. ಟೈಲರ್ ಅಂಗಡಿಯವರು ಮನೆಯಲ್ಲಿ ಕೂತು ಹಾಕುವ ಒಬ್ಬ ಹೆಂಗಸಿಗೆ ಕೊಡುತ್ತಾರಂತೆ. ನಾನು ಚೌಕಾಸಿ ಮಾಡಿದೆ: 'ಮನೇಲೇ ಕೂತು ಹಾಕೋದಲ್ವಾ, ಸ್ವಲ್ಪ ನೋಡಿಕೊಂಡು ಹೇಳಿ.' ಕಡಿಮೆ ಆಯ್ತು. ಅದು ಅಂಗಡಿಯವರ ಪಾಲಿನಿಂದ ಕಡಿಮೆ ಆಗಿರಲಾರದು ಅಂತ ಈಗ ಅನ್ನಿಸುತ್ತೆ. ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡ ಹುಡುಗನೇ ದೊಡ್ಡವನಾಗಿ ಅದೇ ಮಾತು ಆಡಿದ್ದೀನಿ, ಪದ ಮಾತ್ರ ಬೇರೆ.

ಅಂಕಿಗಳನ್ನೂ ಒಮ್ಮೆ ನೋಡಿ. ಭಾರತ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಹೆಂಗಸರದ್ದು ಹತ್ತು ನಿಮಿಷ ಇಳಿದಿದೆ, ಗಂಡಸರದ್ದೂ ಒಂಬತ್ತು ನಿಮಿಷ ಇಳಿದಿದೆ. ನನ್ನ ಸಂಜೆಯ 'ಕೋಝಿ' ಹೊತ್ತಿನ ಹಿಂದೆ ಡಿಶ್‌ವಾಷರ್ ಇದೆ, ಎಂಟು ಗಂಟೆಗೆ ಮುಗಿಯುವ ಕೆಲಸ ಇದೆ. ಭಾನುವಾರವನ್ನು ವಿಶ್ರಾಂತಿಯ ದಿನ ಅಂತ ಕಾಪಾಡುವ ಸಂವಿಧಾನ ಕೂಡ ಇದೆ. 1919ರ ವೈಮಾರ್ ಸಂವಿಧಾನದ ಆ ಕಲಮನ್ನು ಜರ್ಮನರು ಈಗಲೂ ಉಳಿಸಿಕೊಂಡಿದ್ದಾರೆ. ಅಮ್ಮನ ಎರಡು ಗಂಟೆಯನ್ನು ಕಾಪಾಡಲು ಯಾರೂ ಇರಲಿಲ್ಲ. ಹಾಲಿನವನು ಬೇಗ ಬಂದರೆ ಅದೂ ಹೋಯ್ತು.

ಹಾಗಾದರೆ ಅವೊಯಾಮಾ ಪುಸ್ತಕ ಓದಬೇಕೇ? ಓದಿ, ಖಂಡಿತ. ಸುಸ್ತಾದವರಿಗೆ ಬೆಚ್ಚಗೆ ಕೂರಿಸಿ ಮಾತಾಡಿಸುವ ಪುಸ್ತಕ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಮೂರನೆಯ ಅಧ್ಯಾಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ, ಕಾದಂಬರಿ ಮುಂದೆ ಹೋದರೂ ನೀವು ಹೋಗಬೇಡಿ. ಆಮೇಲೆ ಸಿಕ್ಕರೆ ಮೀಸ್ ಓದಿ.

ಭಾನುವಾರ ನಾನು ಒಂದು ಲೆಕ್ಕ ಹಾಕಿದೆ. ಆ ಟೇಬಲ್ ಕ್ಲಾತ್ ಅಮ್ಮನಿಗೆ ಈಗಲೂ ನೆನಪಿದೆ: ಅಡ್ಡಕ್ಕೆ 12 ಹೂವು, ಉದ್ದಕ್ಕೆ 16. ಒಟ್ಟು 192. ಅದೇ ಹೂವನ್ನು ನಾನು ಹಾಕಿ ನೋಡಿದೆ, 35 ನಿಮಿಷ ಆಯ್ತು. ಅಮ್ಮ ವಿಡಿಯೊ ಕಾಲಿನಲ್ಲಿ ಮಾತಾಡುತ್ತಾ ಮಾತಾಡುತ್ತಾ 20 ನಿಮಿಷದಲ್ಲಿ ಮುಗಿಸಿದಳು. 192 ಹೂವಿಗೆ 3,840 ನಿಮಿಷ, ಅಂದರೆ 64 ಗಂಟೆ. ದಿನಕ್ಕೆ ಎರಡು ಗಂಟೆಯಂತೆ ಮೂವತ್ತೆರಡು ಮಧ್ಯಾಹ್ನ. ಅವಳಿಗೆ ಓದಿ ಹೇಳಿದೆ. ಕೇಳಿ ನಕ್ಕಳು.

'ಅಂಚು ಬಿಟ್ಟಿದೀಯ. ಜೋಡಿಸಿದ್ದೂ ಬಿಟ್ಟಿದೀಯ. ಅದಕ್ಕೇ ಅಲ್ವೇನೋ ಒಂದೂವರೆ ತಿಂಗಳಾಗಿದ್ದು' ಅಂದಳು.

ಈ ವಾರ ಅಂಚಿನ ಲೆಕ್ಕ ಮಾಡ್ತಿದ್ದೀನಿ. ನಿಮ್ಮ ಮನೆಯಲ್ಲೂ ಬಾಗಿಲ ತೋರಣವೋ ಟಿವಿ ಮೇಲಿನ ಕ್ರೋಷಾ ಬಟ್ಟೆಯೋ ಇದ್ದರೆ, ಅದನ್ನು ಯಾರು, ಯಾವ ಹೊತ್ತಿನಲ್ಲಿ ಹಾಕಿದ್ದು ಅಂತ ಅವರನ್ನೇ ಒಮ್ಮೆ ಕೇಳಿ ನೋಡಿ.