ಕಾಫಿ ಸೀಮೆಯ ಕೂಲಿ ಮತ್ತು ಕಾನೂನಿನ ಓದು: ಹಕ್ಕುಗಳನ್ನು ಕಲಿಸುವ ಕನ್ನಡ ಪುಸ್ತಕಗಳನ್ನು ಕುರಿತು

ಕನ್ನಡದಲ್ಲಿ ಕಾನೂನನ್ನು ತಿಳಿಸಿಕೊಡುವ ಪುಸ್ತಕಗಳು ಸ್ಥೂಲವಾಗಿ ಮೂರು ಬಗೆಯವು. ನ್ಯಾಯವಾದಿಗಳಿಗಾಗಿ ಸಿದ್ಧವಾದ ಅಧಿನಿಯಮಗಳ ಅನುವಾದ ಮತ್ತು ವ್ಯಾಖ್ಯಾನಗಳು ಮೊದಲನೆಯವು. ಪೌರನೀತಿ ಹಾಗೂ ರಾಜ್ಯಶಾಸ್ತ್ರದ ಪಠ್ಯಗಳು ಎರಡನೆಯವು. ಸಾಕ್ಷರತಾ ಆಂದೋಲನದ ಕಾಲದಲ್ಲಿಯೂ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1995ರಲ್ಲಿ ಜಾರಿಗೆ ಬಂದ ನಂತರವೂ ಹೊರಬಂದ ಕಾನೂನು ಅರಿವಿನ ಕಿರುಹೊತ್ತಗೆಗಳು ಮೂರನೆಯವು. ಇವುಗಳ ಉಪಯುಕ್ತತೆ ನಿರ್ವಿವಾದ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ತೋಟದ ದುಡಿಮೆಗಾರನನ್ನೋ ಲೈನ್‌ಮನೆಯಲ್ಲಿ ಬೆಳೆದ ವಿದ್ಯಾರ್ಥಿಯನ್ನೋ ಓದುಗನೆಂದು ಭಾವಿಸಿಕೊಂಡಾಗ ಈ ಸಾಹಿತ್ಯದ ಒಂದು ಮೂಲಭೂತ ಕೊರತೆ ಗೋಚರಿಸುತ್ತದೆ. ಇವು ಹಕ್ಕುಗಳನ್ನು ಪಟ್ಟಿ ಮಾಡುತ್ತವೆಯೇ ಹೊರತು ಅವು ಹುಟ್ಟಿಬಂದ ದುಡಿಮೆಯ ಚರಿತ್ರೆಯನ್ನು ಹೇಳುವುದಿಲ್ಲ.

ಈ ಸೀಮೆಯಲ್ಲಿ ಕಾನೂನು ದುಡಿಯುವವನ ರಕ್ಷಕನಾಗಿ ಪ್ರವೇಶಿಸಲಿಲ್ಲ. ಬಾಬಾ ಬುಡನ್‌ಗಿರಿಯ ಹೆಸರಿನೊಡನೆ ಬೆಸೆದುಕೊಂಡಿರುವ ಕಾಫಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ಬಂಡವಾಳದೊಂದಿಗೆ ದೊಡ್ಡ ತೋಟಗಳ ಬೆಳೆಯಾದಾಗ ಅದಕ್ಕೆ ಅಗತ್ಯವಾದ ಆಳುಗಳು ಬಹುಪಾಲು ಹೊರಗಿನಿಂದ ಬರಬೇಕಾಯಿತು. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಅವರನ್ನು ಕರೆತರುವವನು ಮೇಸ್ತ್ರಿ. ಕರೆತರುವ ಸಾಧನ ಮುಂಗಡ. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲು 1859ರ ಹದಿಮೂರನೆಯ ಕಾಯ್ದೆ ಅವಕಾಶ ನೀಡಿತು. ಹಣ ಹಿಂದಿರುಗಿಸಬೇಕು, ಇಲ್ಲವೇ ಕೆಲಸ ಪೂರೈಸಬೇಕು. ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕರಾರಿನ ಉಲ್ಲಂಘನೆಯು ದುಡಿಯುವವನ ಪಾಲಿಗೆ ಮಾತ್ರ ಅಪರಾಧವಾಯಿತು. ದಕ್ಷಿಣ ಭಾರತದ ತೋಟಗಾರಿಕೆಗೆ ಒತ್ತಾಸೆಯಾಗಿದ್ದ ಈ ಕಾಯ್ದೆ ರದ್ದಾಗಲು 1925ರವರೆಗೆ ಕಾಯಬೇಕಾಯಿತು.

ಆ ಕಾಲವನ್ನು ಕುರಿತ ಬರಹಗಳಲ್ಲಿ ಸುಲಭವಾಗಿ ದೊರೆಯುವವು ತೋಟದ ಒಡೆಯರ ಬರಹಗಳೇ. ಮೈಸೂರು ಸೀಮೆಯಲ್ಲಿ ಕಾಫಿ ಬೆಳೆದ ರಾಬರ್ಟ್ ಎಚ್. ಎಲಿಯಟ್ 1871 ಮತ್ತು 1894ರಲ್ಲಿ ಪ್ರಕಟಿಸಿದ ಕೃತಿಗಳು ಇದಕ್ಕೆ ನಿದರ್ಶನ. ಬೇಸಾಯ, ಬೇಟೆ, ಆಡಳಿತಗಳ ವಿವರಗಳಲ್ಲಿ ಅವು ಸಮೃದ್ಧವಾಗಿವೆ. ದುಡಿಮೆಗಾರನನ್ನು ಮಾತ್ರ ತೋಟಗಾರನ ಕಣ್ಣಿನಿಂದಲೇ ಕಾಣುತ್ತವೆ. ಕಾರ್ಮಿಕ ಚರಿತ್ರೆಯ ಪಠ್ಯವೊಂದು ಇಂಥ ಬರಹವನ್ನು 1859ರ ಕಾಯ್ದೆಯ ಪಕ್ಕದಲ್ಲಿರಿಸಿ ಓದಿಸಿದರೆ, ‘ಆಳು ಸಿಕ್ಕುವುದಿಲ್ಲ’ ಎಂಬ ಒಡೆಯನ ದೂರಿನ ಹಿಂದೆ ಯಾವ ಬಗೆಯ ಕರಾರು ಇತ್ತೆಂಬುದನ್ನು ವಿದ್ಯಾರ್ಥಿಯೇ ಕಂಡುಕೊಳ್ಳಬಲ್ಲ.

ಈ ಹಿನ್ನೆಲೆಯಿಲ್ಲದೆ 1951ರ ತೋಟ ಕಾರ್ಮಿಕರ ಅಧಿನಿಯಮದ ಮಹತ್ವವು ಅರಿವಿಗೆ ಬರುವುದಿಲ್ಲ. 1946ರಲ್ಲಿ ಪ್ರಕಟವಾದ ಡಿ.ವಿ. ರೇಗೆಯವರ ವರದಿಯು ಚಹಾ, ಕಾಫಿ, ರಬ್ಬರ್ ತೋಟಗಳ ಕಾರ್ಮಿಕರ ಸ್ಥಿತಿಯನ್ನು ದಾಖಲಿಸಿತ್ತು. 1954ರಲ್ಲಿ ಜಾರಿಗೆ ಬಂದ ಅಧಿನಿಯಮವು ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ, ವಸತಿ, ಶಿಶುವಿಹಾರ, ವಾರದ ರಜೆ, ದುಡಿದ ಪ್ರತಿ 20 ದಿನಗಳಿಗೆ ಒಂದು ದಿನದ ವೇತನಸಹಿತ ರಜೆಗಳನ್ನು ನಿಯಮಿಸಿತು. ಮಳೆ ಚಳಿಗಳಿಂದ ರಕ್ಷಣೆಗೆ ಛತ್ರಿ, ಕಂಬಳಿ, ಮಳೆಯಂಗಿಗಳನ್ನು ಒದಗಿಸುವಂತೆ ನಿಯಮ ರೂಪಿಸುವ ಅಧಿಕಾರವನ್ನೂ ಅದು ರಾಜ್ಯ ಸರಕಾರಕ್ಕೆ ನೀಡಿತ್ತು. ಗೊರಬು, ಕಂಬಳಿಕೊಪ್ಪೆಗಳನ್ನೇ ನೆಚ್ಚಿ ಮಲೆನಾಡಿನ ಮುಂಗಾರಿನಲ್ಲಿ ದುಡಿದವರ ಮಕ್ಕಳಿಗೆ ಕಾನೂನನ್ನು ಪರಿಚಯಿಸಲು ಇದಕ್ಕಿಂತ ಉಚಿತವಾದ ಪಾಠ ದೊರೆಯದು. ಆರರಿಂದ ಹನ್ನೆರಡು ವರ್ಷದ ಮಕ್ಕಳ ಸಂಖ್ಯೆ 25ನ್ನು ಮೀರಿದ ತೋಟಗಳಲ್ಲಿ ಶಿಕ್ಷಣದ ಸೌಲಭ್ಯ ಕಲ್ಪಿಸುವ ಪ್ರಸ್ತಾವವೂ ಅದರಲ್ಲಿತ್ತು.

ಹಕ್ಕು ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಹೇಳುವುದೂ ಇಂಥ ಪುಸ್ತಕದ ಕರ್ತವ್ಯ. 1981ರ ತಿದ್ದುಪಡಿಯ ನಂತರ ಈ ಅಧಿನಿಯಮವು ಐದು ಹೆಕ್ಟೇರ್ ಅಥವಾ ಅದಕ್ಕೂ ಮಿಗಿಲಾದ, 15 ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ ಅನ್ವಯಿಸುತ್ತಿತ್ತು. ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಅಂಥ ತೋಟದಲ್ಲಿ ಹಣ್ಣು ಕೊಯ್ಯುವವಳಿಗೂ, ನೆರಳುಮರವೇರಿ ಮರಗಸಿ ಮಾಡುವವನಿಗೂ ಈ ರಕ್ಷಣೆ ಇರಲಿಲ್ಲ. ಹಾಗೆಯೇ 1974ರ ಭೂಸುಧಾರಣೆಯನ್ನು ಪಠ್ಯಗಳು ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯೊಡನೆ ಪರಿಚಯಿಸುವುದುಂಟು. ಕರ್ನಾಟಕ ಭೂಸುಧಾರಣಾ ಅಧಿನಿಯಮದ 104ನೆಯ ಪ್ರಕರಣವು ತೋಟಗಳಿಗೆ ವಿನಾಯಿತಿ ನೀಡಿತೆಂಬುದನ್ನು ತಿಳಿಸದಿದ್ದರೆ, ಗೇಣಿದಾರನು ಭೂಮಿ ಪಡೆದ ಕಾಲದಲ್ಲಿಯೂ ತೋಟದ ಕೂಲಿಯು ಲೈನ್‌ಮನೆಯಲ್ಲಿಯೇ ಏಕೆ ಉಳಿದನೆಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ನಿವೇಶನಕ್ಕಾಗಿ ಈ ಸೀಮೆಯಲ್ಲಿ ಕೇಳಿಬರುವ ಬೇಡಿಕೆಯ ಬೇರುಗಳಲ್ಲಿ ಇದೂ ಒಂದು.

ಈಚಿನ ಕೃತಿಗಳಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಅವರ ‘ಸಂವಿಧಾನ ಓದು’ ವಿಶೇಷವಾಗಿ ಉಲ್ಲೇಖಾರ್ಹ. ವಿದ್ಯಾರ್ಥಿಗಳನ್ನು ಮುಖ್ಯ ಓದುಗರನ್ನಾಗಿ ಭಾವಿಸಿ, ಸರಳ ಕನ್ನಡದಲ್ಲಿ ಸಂವಿಧಾನವನ್ನು ವಿವರಿಸುವ ಈ ಕೃತಿ ಒಂದು ಅಭಿಯಾನದ ರೂಪವನ್ನೇ ಪಡೆದು ಕಾಲೇಜುಗಳನ್ನು ತಲುಪಿತು. ನ್ಯಾಯಾಲಯದ ಭಾಷೆಯನ್ನು ಜನರ ಭಾಷೆಗೆ ಹತ್ತಿರ ತಂದುದು ಅದರ ದೊಡ್ಡ ಸಾಧನೆ. ಇಡೀ ನಾಡನ್ನು ಉದ್ದೇಶಿಸಿದ ಇಂಥ ಕೃತಿಯಿಂದ ಒಂದು ಸೀಮೆಯ ಒಂದು ದುಡಿಮೆಯ ಕಾನೂನನ್ನು ನಿರೀಕ್ಷಿಸುವುದು ಸಲ್ಲದು. ಅದು ತೆರೆದ ದಾರಿಯಲ್ಲಿ ಸ್ಥಳೀಯ ಪೂರಕ ಪಠ್ಯಗಳು ಮುಂದುವರಿಯಬೇಕಾಗಿದೆ. ಸಂವಿಧಾನದ 23ನೆಯ ವಿಧಿಯು ಬಲಾತ್ಕಾರದ ದುಡಿಮೆಯನ್ನು ನಿಷೇಧಿಸುತ್ತದೆ ಎನ್ನುವುದು ಒಂದು ಮಾಹಿತಿ. ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸಿಕೊಳ್ಳುವುದೂ ಬಲಾತ್ಕಾರದ ದುಡಿಮೆಯೇ ಎಂದು ಹೇಳಿದುದನ್ನು ತಿಳಿಸಿದಾಗ ಆ ಮಾಹಿತಿಯು ತೋಟದ ರೈಟರ ಹಾಜರಿ ಪುಸ್ತಕವನ್ನು ಓದುವ ಸಾಮರ್ಥ್ಯವಾಗಿ ಮಾರ್ಪಡುತ್ತದೆ.

ಭಾಷೆಯ ಪ್ರಶ್ನೆಯೂ ಇಲ್ಲಿದೆ. ‘ನಿಯೋಜಕ’, ‘ನಿಯೋಜಿತ’, ‘ಉಪಲಬ್ಧಿ’ ಮೊದಲಾದ ಪಾರಿಭಾಷಿಕ ಪದಗಳು ಖಚಿತವಾದವು, ಅನಿವಾರ್ಯವೂ ಹೌದು. ತೋಟದಲ್ಲಿ ಬಳಕೆಯಲ್ಲಿರುವುದು ಸಾಹುಕಾರರು, ರೈಟರು, ಮೇಸ್ತ್ರಿ, ಆಳು, ಮುಂಗಡ ಎಂಬ ಮಾತುಗಳು. ಈ ಎರಡು ಪದಕೋಶಗಳ ನಡುವೆ ಸೇತುವೆ ಕಟ್ಟದ ಪುಸ್ತಕವು ಕನ್ನಡದಲ್ಲಿದ್ದೂ ಓದುಗನಿಗೆ ಪರಭಾಷೆಯದಾಗಿ ಉಳಿಯುತ್ತದೆ. ‘ಆಳು’ ಎಂಬ ಪದದಿಂದ ‘ಕಾರ್ಮಿಕ’ ಎಂಬ ಪದದತ್ತ ನಡೆದ ಪಯಣವೇ ಹಕ್ಕಿನ ಚರಿತ್ರೆಯ ಒಂದು ಅಧ್ಯಾಯವೆಂಬುದನ್ನು ಪಠ್ಯಕಾರರು ಮರೆಯಬಾರದು.

ಈ ನಡುವಿನ ಅನುಭವವನ್ನು ಕಾಪಿಟ್ಟಿರುವುದು ಮಲೆನಾಡಿನ ಕಥನಸಾಹಿತ್ಯ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ತೀರ್ಥಹಳ್ಳಿ ಸೀಮೆಯ ಕಥೆ, ಅಲ್ಲಿಯ ಮುಖ್ಯ ಬೆಳೆ ಕಾಫಿಯಲ್ಲ. ಆದರೂ ಜೀತದಾಳು ಗುತ್ತಿ, ಸೇರೆಗಾರನೊಡನೆ ಘಟ್ಟ ಹತ್ತಿಬಂದ ಐತ ಮತ್ತು ಪೀಂಚಲು ಇವರ ಬದುಕಿನಲ್ಲಿ ಜೀತ, ವಲಸೆ ದುಡಿಮೆಗಳೆರಡೂ ಒಳಗಿನಿಂದ ಕಾಣಿಸುತ್ತವೆ. 1976ರ ಜೀತಪದ್ಧತಿ ರದ್ದಿಯಾತಿ ಅಧಿನಿಯಮವನ್ನು ಇವರೊಡನೆ ಓದಿದವನಿಗೆ ಅದು ಏನನ್ನು ರದ್ದುಗೊಳಿಸಿತೆಂಬುದು ಸ್ಪಷ್ಟವಾಗುತ್ತದೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯು ನಿವೃತ್ತಿ ವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಸಣ್ಣ ನೌಕರನದು. ನಿವೃತ್ತಿ ವೇತನವು ದಯೆಯಲ್ಲ, ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು ನಕಾರಾ ಪ್ರಕರಣದಲ್ಲಿ ಒತ್ತಿಹೇಳಿದುದು 1982ರಲ್ಲಿ. ಕಥೆಯಿದ್ದ ‘ಅಬಚೂರಿನ ಪೋಸ್ಟಾಫೀಸು’ ಸಂಕಲನ ಬಂದುದು 1973ರಲ್ಲಿ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಹಕ್ಕಿನ ಘೋಷಣೆಗೂ ಅದು ಕೈಗೆಟುಕುವುದಕ್ಕೂ ಇರುವ ಅಂತರವೇ ಪಾಠವಾಗುತ್ತದೆ. ಆದರೆ ಸಾಹಿತ್ಯವು ಕಾನೂನಿನ ಪಾಠಕ್ಕೆ ಬದಲಿಯಾಗಲಾರದು. ಗುತ್ತಿಯ ದುಃಖವನ್ನು ಅರಿತವನಿಗೂ ದೂರನ್ನು ಯಾರಿಗೆ, ಹೇಗೆ ಸಲ್ಲಿಸಬೇಕೆಂಬ ತಿಳಿವಳಿಕೆ ಬೇರೆಯಾಗಿಯೇ ಬೇಕು.

ಈ ಚರ್ಚೆಗೆ ಈಗ ಹೊಸ ತುರ್ತು ಒದಗಿದೆ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದುವು. 1951ರ ತೋಟ ಕಾರ್ಮಿಕರ ಅಧಿನಿಯಮದ ವಿಷಯಗಳು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿಯೂ, 1948ರ ಕನಿಷ್ಠ ವೇತನ ಹಾಗೂ 1976ರ ಸಮಾನ ವೇತನ ಅಧಿನಿಯಮಗಳ ವಿಷಯಗಳು 2019ರ ವೇತನ ಸಂಹಿತೆಯಲ್ಲಿಯೂ, 1961ರ ಹೆರಿಗೆ ಸೌಲಭ್ಯದ ವಿಷಯಗಳು 2020ರ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿಯೂ ಸೇರಿವೆ. ವಸತಿ, ಶಿಶುವಿಹಾರ, ಶಿಕ್ಷಣಗಳ ಪ್ರಸ್ತಾಪ ಹೊಸ ಸಂಹಿತೆಯಲ್ಲಿಯೂ ಉಂಟು. ಐದು ಹೆಕ್ಟೇರಿನ ಗೆರೆಯೂ ಉಳಿದಿದೆ. ಹಳೆಯ ಪ್ರಕರಣಸಂಖ್ಯೆಗಳನ್ನು ನೆಚ್ಚಿದ ಕಿರುಹೊತ್ತಗೆಗಳು ಇದರಿಂದ ಒಮ್ಮೆಲೇ ಹಳತಾದವು. ಚರಿತ್ರೆಯೊಡನೆ ಕಲಿತವನಾದರೋ ಹೊಸ ಸಂಹಿತೆಯ ಮುಂದೆ ನಿಂತು ಏನು ಉಳಿಯಿತು, ಏನು ಬದಲಾಯಿತು ಎಂದು ಕೇಳಬಲ್ಲ.

ತೋಟಗಳ ದುಡಿಮೆಗಾರರ ಸ್ವರೂಪವೂ ಬದಲಾಗುತ್ತಿದೆ. ಕನ್ನಡ, ತುಳು, ತಮಿಳುಗಳ ಜೊತೆಗೆ ಅಸ್ಸಾಮಿನಂಥ ದೂರದ ರಾಜ್ಯಗಳಿಂದ ಬಂದವರ ನುಡಿಗಳೂ ಇಂದು ಅಲ್ಲಿ ಕೇಳಿಬರುತ್ತವೆ. ಆದ್ದರಿಂದ ಈ ಸೀಮೆಗೆ ಬೇಕಾದ ಪುಸ್ತಕವು ಶಾಸನದ ಪಠ್ಯ, ದುಡಿಮೆಯ ಚರಿತ್ರೆ, ತೀರ್ಪು, ಕಥನ ಹಾಗೂ ಹಾಜರಿ-ಮುಂಗಡಗಳ ಲೆಕ್ಕದ ಮಾದರಿ ಇವೆಲ್ಲವನ್ನೂ ಒಂದೆಡೆ ತರುವಂಥದ್ದಾಗಬೇಕು. ಸಂಶೋಧಕರು, ಕಾರ್ಮಿಕ ಸಂಘಟನೆಗಳು ಮತ್ತು ಶಿಕ್ಷಕರು ಕೂಡಿಯೇ ಅದನ್ನು ರಚಿಸಬೇಕಾಗಿದೆ. ಸಂಘಟನೆಗಳ ಕರಪತ್ರಗಳು, ಒಪ್ಪಂದದ ಪ್ರತಿಗಳು, ಹಿರಿಯ ದುಡಿಮೆಗಾರರ ನೆನಪುಗಳು ಚದುರಿಹೋಗುವ ಮುನ್ನ ಅವನ್ನು ಸಂಗ್ರಹಿಸುವ ಹೊಣೆ ಗ್ರಂಥಾಲಯಗಳದು. ಆ ಸಂಗ್ರಹವಿಲ್ಲದಿದ್ದರೆ ಮುಂದಿನ ಪಠ್ಯಕಾರನಿಗೂ ಒಡೆಯರ ಬರಹಗಳೇ ಆಕರಗಳಾಗುತ್ತವೆ.